ಫರ್ನೇಸ್ ಎಲ್ಲಿಗೆ ಬಂದು ನಿಂತಿತು?

ಹೊರಗೆ ಕೊರೆಯುವ ಚಳಿ. ಬಿಸಿ ಎಷ್ಟು ಬೇಕೆಂದು ಹೇಳುವ ಥರ್ಮೋಸ್ಟಾಟ್ ಎಷ್ಟು ತಿರುಗಿಸಿದರೂ ಮನೆ ಬೆಚ್ಚಗಾಗುತ್ತಿಲ್ಲ. ಮನೆ ಬಿಸಿ ಮಾಡುವ ಫರ್ನೇಸ್ ಕೆಟ್ಟೇ ಹೋಯಿತು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಯಾವುದೋ ಒಪ್ಪಿಗೆಗಾಗಿ ಕಾಯುತ್ತಾ ಕೂತಿರುತ್ತದೆ.

ಈಗಿನ ಗ್ಯಾಸ್ ಫರ್ನೇಸ್ ಮಹಾ ಅನುಮಾನದ ಪ್ರಾಣಿ. ಥರ್ಮೋಸ್ಟಾಟ್ 24 ವೋಲ್ಟಿನ ಕರೆ ಕಳಿಸಿದ ಕೂಡಲೇ ಬೆಂಕಿ ಹಚ್ಚುವುದಿಲ್ಲ. ಮೊದಲು ಪುಟ್ಟ ಫ್ಯಾನೊಂದು ಒಳಗಿನ ಗಾಳಿಯನ್ನು ಹೊರದಬ್ಬುತ್ತದೆ. ಹೊಗೆಕೊಳವೆ ಕಟ್ಟಿಲ್ಲ ಎಂದು ಪ್ರೆಷರ್ ಸ್ವಿಚ್ ಹೇಳಬೇಕು. ಆಮೇಲೆ ಬೆಂಕಿ ಹಚ್ಚುವ ಇಗ್ನೈಟರ್ ಕೆಂಪಗೆ ಕಾಯಬೇಕು. ಗ್ಯಾಸ್ ವಾಲ್ವ್ ತೆರೆಯುವುದು ಆಗಲೇ.

ಹಾಗಾಗಿ ಪಕ್ಕದಲ್ಲಿ ನಿಂತು ಸುಮ್ನೆ ಕಿವಿಗೊಡಿ. ಫ್ಯಾನಿನ ಸದ್ದೇ ಇಲ್ಲವಾ? ಥರ್ಮೋಸ್ಟಾಟಿನ ಬ್ಯಾಟರಿ, ಬ್ರೇಕರ್ ನೋಡಿ. ಫರ್ನೇಸಿನ ಬಾಗಿಲು ಸರಿಯಾಗಿ ಕೂತಿಲ್ಲದಿದ್ದರೂ ಒಳಗೆ ಕರೆಂಟ್ ಹರಿಯುವುದಿಲ್ಲ, ಅದನ್ನು ತಡೆಯಲು ಅಲ್ಲೊಂದು ಸ್ವಿಚ್ ಇರುತ್ತದೆ. ಫ್ಯಾನ್ ತಿರುಗಿಯೂ ಇಗ್ನೈಟರ್ ಬಿಸಿಯಾಗದಿದ್ದರೆ, ಪ್ರೆಷರ್ ಸ್ವಿಚ್ ಒಪ್ಪದೇ ಇರಬಹುದು: ಹೊಗೆಕೊಳವೆಗೆ ಹಿಮ ಅಡ್ಡ ಬಂದಿರಬಹುದು, ಹೊಗೆಯಿಂದ ಇಳಿದ ನೀರು ಹೋಗುವ ಪೈಪ್ ಕಟ್ಟಿರಬಹುದು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ತರಲೆ. ಬೆಂಕಿ ಚೆನ್ನಾಗಿಯೇ ಹತ್ತುತ್ತದೆ, ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತದೆ. ಇಲ್ಲಿ ಒಂದು ಸೊಗಸಾದ ವಿಜ್ಞಾನವಿದೆ. ಉರಿಯಲ್ಲಿ ಅಯಾನುಗಳಿರುವುದರಿಂದ ಅದರೊಳಗೆ ಕರೆಂಟ್ ಹರಿಯುತ್ತದೆ. ಉರಿಗೆ ತಾಗುವಂತೆ ಒಂದು ತೆಳು ಲೋಹದ ಕಡ್ಡಿ ಇಟ್ಟು ಅದಕ್ಕೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ಕೊಡುತ್ತಾರೆ. ಕಡ್ಡಿ ಚಿಕ್ಕದು, ಎದುರಿನ ಬರ್ನರ್ ದೊಡ್ಡದು. ಅದಕ್ಕೇ ಕರೆಂಟ್ ಒಂದು ದಿಕ್ಕಿಗೆ ಹೆಚ್ಚು ಹರಿದು, ಒಂದೇ ದಿಕ್ಕಿನ ಡಿಸಿಯಂತಾಗುತ್ತದೆ. ಅದನ್ನು ಕಂಡು ಫರ್ನೇಸನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಉರಿ ಇದೆ ಎಂದು ನಂಬುತ್ತದೆ. ಒದ್ದೆಯಿಂದಲೋ ತಂತಿ ತಾಗಿಯೋ ಕರೆಂಟ್ ಸೋರಿದರೆ ಅದು ಎರಡೂ ಕಡೆ ಸಮನಾಗಿ ಓಡಾಡುತ್ತದೆ, ಬೋರ್ಡ್ ಮೋಸ ಹೋಗುವುದಿಲ್ಲ. ಎಷ್ಟು ಜಾಣ ಉಪಾಯ, ಅಲ್ವಾ?

ಆದರೆ ಆ ಕರೆಂಟ್ ಕೆಲವೇ ಮೈಕ್ರೋಆಂಪ್. ಕಡ್ಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟಿದರೂ ಸಾಕು, ಉರಿ ಇದ್ದರೂ ಬೋರ್ಡಿಗೆ ಕಾಣಿಸದು. ತಕ್ಷಣ ಗ್ಯಾಸ್ ನಿಲ್ಲಿಸುತ್ತದೆ. ಕೆಲವು ಸಲ ಪ್ರಯತ್ನಿಸಿ ಕೈಚೆಲ್ಲುತ್ತದೆ. ಕರೆಂಟ್, ಗ್ಯಾಸ್ ಎರಡನ್ನೂ ಬಂದ್ ಮಾಡಿ, ಕಡ್ಡಿ ಬಿಚ್ಚಿ, ನಯವಾದ ಸ್ಟೀಲ್ ವೂಲಿನಿಂದ ಮೆಲ್ಲಗೆ ಉಜ್ಜಿದರೆ ಮತ್ತೆ ಸರಿಹೋಗುವುದುಂಟು. ಆಫ್ ಮಾಡುವ ಮೊದಲು ಬೋರ್ಡಿನ ದೀಪ ಎಷ್ಟು ಸಲ ಮಿನುಗುತ್ತಿದೆ ಎಂದು ಎಣಿಸಿಡಿ, ಅದೇ ದೋಷದ ಗುರುತು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಈ ಪತ್ತೇದಾರಿಕೆ ಬೇಡ. ಯಾವ ಸ್ವಿಚ್ಚೂ ಮುಟ್ಟದೆ ಮನೆಯವರೆಲ್ಲ ಹೊರಗೆ ಹೋಗಿ, ಅಲ್ಲಿಂದ ಗ್ಯಾಸಿನವರಿಗೆ ಫೋನ್ ಮಾಡಿ. ಪ್ರೆಷರ್ ಸ್ವಿಚ್ಚನ್ನು ತಂತಿಯಿಂದ ಬೈಪಾಸ್ ಮಾಡುವ ಚಾಲಾಕಿಯೂ ಬೇಡ. ಹೊಗೆಕೊಳವೆ ಕಟ್ಟಿದ್ದರೆ ಮನೆಯೊಳಗೆ ಬರುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಅದಕ್ಕೆ ವಾಸನೆಯೇ ಇಲ್ಲ.