ತಿಳಿನೀರು ಕಲಿಲ ಬೆಳ್ಳಿಯಲ್ಲ

ಕಲಿಲ ಬೆಳ್ಳಿ (ಕೊಲಾಯ್ಡಲ್ ಸಿಲ್ವರ್) ಎಂದರೆ ಬೆಳ್ಳಿಯ ಅತಿಸಣ್ಣ ಕಣಗಳು ತೇಲುವ ನೀರು. ಮನೆಯಲ್ಲೇ ಮಾಡಿದ ‘ಕಲಿಲ ಬೆಳ್ಳಿ’ ಎಂದು ತೋರಿಸುವ ಬಾಟಲಿಯಲ್ಲಿ ಸಾಮಾನ್ಯವಾಗಿ ತಿಳಿನೀರಿರುತ್ತದೆ. ಅದರಲ್ಲಿ ಬೆಳ್ಳಿ ಇದೆ, ಆದರೆ ಬಹುಪಾಲು ಅಯಾನುಗಳಾಗಿ, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಬಿಡಿ ಪರಮಾಣುಗಳಾಗಿ, ಕರಗಿದೆ. ನಿಜವಾದ ಕಲಿಲ ಬೆಳ್ಳಿಯ ಬಣ್ಣ ಹಳದಿ!

ಏಕೆ ಹಳದಿ? 10–20 ನ್ಯಾನೋಮೀಟರ್ ಕಣದೊಳಗೆ ಎಲೆಕ್ಟ್ರಾನುಗಳು ಸೊಂಟದ ಮೇಲಿನ ಬಿಂದಿಗೆಯ ನೀರಿನಂತೆ ಅತ್ತಿತ್ತ ತುಳುಕುತ್ತವೆ. ಹೆಜ್ಜೆಯ ಲಯ ನೀರಿನ ಲಯಕ್ಕೆ ಕೂಡಿಬಂದರೆ ನೀರು ಚೆಲ್ಲುತ್ತದಲ್ಲ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಜೀಕು ಏರುತ್ತದಲ್ಲ, ಹಾಗೆಯೇ ಇದೂ. ಸುಮಾರು 400 ನ್ಯಾನೋಮೀಟರಿನ ನೇರಳೆ ಬೆಳಕಿಗೆ ಆ ಲಯವಿದೆ. ಕಣಗಳು ಅದನ್ನು ಹೀರಿಕೊಂಡ ಮೇಲೆ ಕಣ್ಣಿಗೆ ಉಳಿಯುವುದು ಹಳದಿ. ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ಲಯ ಕೆಟ್ಟು ದ್ರಾವಣ ಬೂದಿಬಣ್ಣಕ್ಕೆ ತಿರುಗುತ್ತದೆ.

ಪ್ರಯೋಗಕ್ಕೆ ಶೇ. 99.99 ಶುದ್ಧತೆಯ ಎರಡು ಬೆಳ್ಳಿ ತಂತಿ, 250 ಮಿ.ಲೀ. ಡಿಸ್ಟಿಲ್ಡ್ ವಾಟರ್, ಸಾಲಾಗಿ ಜೋಡಿಸಿದ ಮೂರು 9 ವೋಲ್ಟ್ ಬ್ಯಾಟರಿ ಸಾಕು. ತಂತಿಗಳನ್ನು ನೀರಿನಲ್ಲಿ ಅದ್ದಿ, ಒಂದನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಜೋಡಿಸಬೇಕು. ಆಭರಣದ ಬೆಳ್ಳಿ ಬೇಡ, ಅದರಲ್ಲಿನ ತಾಮ್ರವೂ ನೀರಿಗಿಳಿಯುತ್ತದೆ. ನಲ್ಲಿನೀರಾದರೆ ಕ್ಲೋರೈಡ್ ಸೇರಿ ಹಾಲಿನಂತೆ ಬೆಳ್ಳಗಾಗುತ್ತದೆ. ‘ಬೇಗ ಆಗಲಿ’ ಎಂದು ಉಪ್ಪು ಹಾಕುವುದೂ ಇದೇ ತಪ್ಪು. ಅಯಾನು ಹೆಚ್ಚಿದಂತೆ ವಿದ್ಯುತ್ ಪ್ರವಾಹವೂ ಏರುವುದರಿಂದ ಸರಣಿಯಲ್ಲಿ 27 ಕಿಲೋ ಓಮ್ ರೆಸಿಸ್ಟರ್ ಇರಲೇಬೇಕು. ಆಗ ಅದು 1 ಮಿಲಿಆಂಪಿಯರ್ ದಾಟದು. ರೆಸಿಸ್ಟರ್ ಇಲ್ಲದಿದ್ದರೆ ಮೈನಸ್ ತಂತಿಯ ಮೇಲೆ ಕಪ್ಪು ನಯವಾದ ಗರಿಗಳು ಬೆಳೆದು, ಉದುರಿ, ತಳದಲ್ಲಿ ಕೆಸರಾಗುತ್ತವೆ.

ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಲೋಹ ಕರಗುತ್ತದೆ ಎನ್ನುವ ಫ್ಯಾರಡೆಯ ನಿಯಮದ ಲೆಕ್ಕ ಹಾಕಿ: 1 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ ಪ್ಲಸ್ ತಂತಿಯಿಂದ ಕರಗುವುದು ಸುಮಾರು 4 ಮಿಲಿಗ್ರಾಂ. ಅಂದರೆ ಲೀಟರಿಗೆ ಹೆಚ್ಚೆಂದರೆ 16 ಮಿಲಿಗ್ರಾಂ. ಗಂಟೆಯಲ್ಲಿ 500 ಪಿಪಿಎಂ (ಲೀಟರಿಗೆ 500 ಮಿಲಿಗ್ರಾಂ) ಬಂತು ಎನ್ನುವವರ ಮಾತನ್ನು ಈ ಲೆಕ್ಕವೇ ಅಲ್ಲಗಳೆಯುತ್ತದೆ.

ಅಯಾನು ಕಣವಾಗಲು ಎಲೆಕ್ಟ್ರಾನು ಕೊಡುವವರು ಬೇಕು. ಅಮೆರಿಕದ ರಸಾಯನಜ್ಞ ಕೇರಿ ಲೀ 1889ರಲ್ಲೇ ಕಬ್ಬಿಣದ ಲವಣ ಮತ್ತು ಸಿಟ್ರೇಟ್ ಬಳಸಿ ಕಲಿಲ ಬೆಳ್ಳಿ ಮಾಡಿದ್ದ. 1982ರ ಲೀ–ಮೈಸೆಲ್ ವಿಧಾನದಲ್ಲಿ (ಈ ಲೀ ಬೇರೆಯವರು) 500 ಮಿ.ಲೀ. ಕುದಿನೀರಿನಲ್ಲಿ 90 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್, ಅದಕ್ಕೆ 10 ಮಿ.ಲೀ. ಶೇ. 1ರ ಸೋಡಿಯಂ ಸಿಟ್ರೇಟ್, ಒಂದು ಗಂಟೆ ಕುದಿತ. ಮನೆಯ ದ್ರಾವಣವನ್ನು ಬಿಸಿಮಾಡಿ ಚಿಟಿಕೆ ಗ್ಲೂಕೋಸ್, ನಾಲ್ಕಾರು ಹರಳು ವಾಷಿಂಗ್ ಸೋಡಾ ಹಾಕಿದರೂ ಹಳದಿ ಮೂಡುತ್ತದೆ. ಕಣಗಳು ಮೂಡಿದ್ದರೆ, ಕತ್ತಲಲ್ಲಿ ಲೇಸರ್ ಹಾಯಿಸಿದಾಗ ಕಿರಣದ ದಾರಿ ಸ್ಪಷ್ಟವಾಗಿ ಕಾಣಬೇಕು.

ಇನ್ನು ತಿಳಿನೀರಿನ ಒಂದು ಚಮಚಕ್ಕೆ ಉಪ್ಪಿನ ಹರಳು ಹಾಕಿ ನೋಡಿ. ಬಿಳಿ ಮೋಡ ಎದ್ದರೆ ಇದ್ದದ್ದು ಅಯಾನು. ಆ ಬಿಳಿಯನ್ನು ಬಿಸಿಲಿಗಿಟ್ಟರೆ ಬೂದಿ–ನೇರಳೆಯಾಗುತ್ತದೆ, ಏಕೆಂದರೆ ಬೆಳಕು ಬೆಳ್ಳಿಯನ್ನು ಮತ್ತೆ ಲೋಹವಾಗಿಸುತ್ತದೆ. ತಿಂಗಳುಗಟ್ಟಲೆ ಇಂಥ ಬೆಳ್ಳಿನೀರು ಕುಡಿದವರ ಚರ್ಮದಲ್ಲೂ ಬೆಳಕು ಇದನ್ನೇ ಮಾಡುತ್ತದೆ. ಆರ್ಜಿರಿಯಾ ಎಂಬ ಆ ನೀಲಿ–ಬೂದಿ ಬಣ್ಣ ಸಾಮಾನ್ಯವಾಗಿ ಶಾಶ್ವತ. ಕಲಿಲ ಬೆಳ್ಳಿಯ ಔಷಧಗಳು ಸುರಕ್ಷಿತವೆಂದೂ ಪರಿಣಾಮಕಾರಿಯೆಂದೂ ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ನಿಯಮ ಮಾಡಿದೆ. ಈ ದ್ರಾವಣ ಲೇಸರ್ ಹಾಯಿಸಿ ನೋಡಲಿಕ್ಕೆ ಮಾತ್ರ, ಒಂದು ಗುಟುಕೂ ಕುಡಿಯಬೇಡಿ.