ನಾಲೆಯ ಊರಿನಲ್ಲಿ ಕಾಣೆಯಾದವರು: ಪತ್ತೇದಾರಿ ಹಸ್ತಪ್ರತಿಯೊಂದನ್ನು ಓದಿದ ವಕೀಲನ ಮಾತು

ಕಾರಟಗಿ ಕಡೆಯ ಯುವ ಶಿಕ್ಷಕರೊಬ್ಬರು ಕಳೆದ ತಿಂಗಳು ನನ್ನ ಕಚೇರಿಗೆ ಬಂದು, ತಾವು ಬರೆದ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು, ಕಾನೂನಿನ ತಪ್ಪುಗಳಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಡಿ ಎಂದು ಕೇಳಿದರು. ಕಥೆ ನಡೆಯುವುದು ತುಂಗಭದ್ರಾ ಎಡದಂಡೆ ನಾಲೆಯ ಮಗ್ಗುಲಿನ ಒಂದು ಕಲ್ಪಿತ ಊರಿನಲ್ಲಿ. ಹನ್ನೊಂದು ವರ್ಷಗಳಲ್ಲಿ ನಾಲ್ಕು ಮಂದಿ ಆ ಊರಿನಿಂದ ಕಾಣೆಯಾಗುತ್ತಾರೆ. ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬ ಒಂಬತ್ತು ದಿನಗಳಲ್ಲಿ ನಾಲ್ಕೂ ಪ್ರಕರಣಗಳ ಗಂಟು ಬಿಚ್ಚಿ, ಗೌಡರ ವಾಡೆಯ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿಯಲ್ಲಿ, ಎಲುಬುಗಳನ್ನು ತೋರಿಸುತ್ತಾನೆ. ಬರವಣಿಗೆ ಚುರುಕಾಗಿದೆ, ಹಗೇವಿನ ವರ್ಣನೆ ಓದುವಾಗ ಮುಗ್ಗಿದ ಜೋಳದ ವಾಸನೆ ಮೂಗಿಗೆ ಬಡಿಯುತ್ತದೆ. ಆದರೂ ಸಿಂಧನೂರಿನ ನ್ಯಾಯಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇಂಥ ಪ್ರಕರಣಗಳ ಕಾಗದಪತ್ರ ಓದುತ್ತ ಬಂದಿರುವ ನನಗೆ, ನಮ್ಮ ಭಾಗದ ಮನುಷ್ಯರು ಹಗೇವಿನಲ್ಲಿ ಕಳೆದುಹೋಗುವುದಕ್ಕಿಂತ ಎರಡು ಕಡತಗಳ ನಡುವಿನ ಸಂದಿಯಲ್ಲಿ ಕಳೆದುಹೋಗುವುದೇ ಹೆಚ್ಚು ಎಂದು ಹೇಳಬೇಕೆನಿಸಿತು.

ಮೊದಲು ಚಿಕ್ಕ ತಪ್ಪುಗಳು. ಕಾದಂಬರಿಯ ಅಧಿಕಾರಿ 2025ರಲ್ಲಿ ನಿಂತು ಹಳೆಯ ದಂಡ ಮತ್ತು ದಂಡ ಪ್ರಕ್ರಿಯಾ ಸಂಹಿತೆಗಳಾದ ಐಪಿಸಿ, ಸಿಆರ್‌ಪಿಸಿ ಎಂದೇ ಮಾತನಾಡುತ್ತಾನೆ. 2024ರ ಜುಲೈ 1ರಿಂದ ಅವುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ; ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ ಬಂದಿದೆ. ಹಾಗೆಂದು ಎಲ್ಲ ಕಡೆಯೂ ಹೆಸರು ಬದಲಿಸಿಬಿಟ್ಟರೆ ಇನ್ನೊಂದು ತಪ್ಪಾಗುತ್ತದೆ. ಕೊಲೆ ನಡೆದದ್ದು 2017ರಲ್ಲಾದರೆ ಆರೋಪಪಟ್ಟಿಯಲ್ಲಿ ಐಪಿಸಿಯ 302ನೇ ಕಲಮೇ ಇರುತ್ತದೆ, ಏಕೆಂದರೆ ಅಪರಾಧಕ್ಕೆ ಅದು ನಡೆದ ದಿನದ ಕಾನೂನೇ ಅನ್ವಯ. ಹಳೆಯ ಕಾಣೆ ಪ್ರಕರಣವೊಂದು ಇಂದು ಕೊಲೆಯಾಗಿ ಬಯಲಾದರೆ ಒಂದೇ ಕಡತದಲ್ಲಿ ಎರಡು ಕಾಲದ ಕಾನೂನುಗಳು ಅಕ್ಕಪಕ್ಕ ಕೂರುತ್ತವೆ.

ಎರಡನೆಯ ಅಧ್ಯಾಯದಲ್ಲಿ ಠಾಣೆಯ ಮುನ್ಷಿಯೊಬ್ಬ, ಮಗನನ್ನು ಹುಡುಕಿಕೊಂಡು ಬಂದ ತಾಯಿಗೆ, ಇಪ್ಪತ್ನಾಲ್ಕು ತಾಸು ಕಳೆದ ಮೇಲೆ ಬಾ ಎನ್ನುತ್ತಾನೆ. ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ, ಸಿನಿಮಾದಲ್ಲಿ ಮಾತ್ರ ಇದೆ. ಕಾಣೆಯಾದದ್ದು ಮಗುವಾದರೆ, ಅಪಹರಣವೋ ಸಾಗಣೆಯೋ ನಡೆದಿದೆ ಎಂದೇ ಮೊದಲಿಗೆ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಅಪರಾಧದ ಸುಳಿವಿದ್ದರೆ ಸರಹದ್ದು ನಮ್ಮದಲ್ಲ ಎಂದು ಯಾವ ಠಾಣೆಯೂ ಕಳಿಸುವಂತಿಲ್ಲ. ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದು ಈಗ ಬರವಣಿಗೆಯಲ್ಲೇ ಇದೆ.

ಆದರೆ ತಡವಾಗುವುದು ಠಾಣೆಯಲ್ಲಿ ಮಾತ್ರವಲ್ಲ, ಅದಕ್ಕೂ ಮೊದಲು ಮನೆಯಲ್ಲಿ. ಇದನ್ನು ಆ ಶಿಕ್ಷಕರಿಗೆ ಬಹಳ ಹೊತ್ತು ವಿವರಿಸಿದೆ. ಗುಳೆ ಹೋಗುವ ಸೀಮೆ ನಮ್ಮದು. ಲಿಂಗಸೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಗೋವಾ ಎಂದು ದುಡಿಯಲು ಹೋದವನು ಮೂರು ತಿಂಗಳು ಫೋನು ಮಾಡದಿದ್ದರೆ ಅದನ್ನು ಯಾರೂ ಕಾಣೆ ಎನ್ನುವುದಿಲ್ಲ, ದುಡಿಯಲಿಕ್ಕೆ ಹೋಗ್ಯಾನ ಎನ್ನುತ್ತಾರೆ. ಹಬ್ಬಕ್ಕೆ ಬರಲಿಲ್ಲವೆಂದರೆ ಮೇಸ್ತ್ರಿ ಬಿಟ್ಟಿಲ್ಲ ಎನ್ನುತ್ತಾರೆ. ಹುಲಿಗೆಮ್ಮನ ಜಾತ್ರೆಗೂ ಬರದಿದ್ದಾಗ ಮನೆಯವರಿಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಆಗಲೂ ಮೊದಲ ಓಟ ದೇವರು ಕೇಳಿಸುವವರ ಮನೆಗೆ, ಎರಡನೆಯದು ಬೀಗರ ಮನೆಗೆ, ಠಾಣೆಯ ಸರದಿ ಬರುವುದು ಕೊನೆಗೆ. ಹೆಣ್ಣುಮಗಳು ಕಾಣೆಯಾದಲ್ಲಿ ಆ ಕೊನೆಯ ಸರದಿಯೂ ಎಷ್ಟೋ ಸಲ ಬರುವುದಿಲ್ಲ, ಏಕೆಂದರೆ ಠಾಣೆಗೆ ಹೋದರೆ ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಉಳಿದ ಹೆಣ್ಣುಮಕ್ಕಳ ಮದುವೆಗೆ ತೊಡಕಾಗುತ್ತದೆ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಕತ್ತಲೆ ಬೇರೆ ಬೇಕಿಲ್ಲ. ಯಾವ ಕುತಂತ್ರಿಯೂ ಸುಳಿವು ಅಳಿಸಬೇಕಾಗಿಲ್ಲ, ಮನೆಯವರ ಮೌನವೇ ಎರಡು ವರ್ಷಗಳಲ್ಲಿ ಎಲ್ಲವನ್ನೂ ಅಳಿಸಿರುತ್ತದೆ.

ಇನ್ನು ಆ ಎರಡು ಕಡತಗಳ ವಿಷಯ. ದೂರು ಬಂದ ಠಾಣೆಯಲ್ಲಿ ‘ಮನುಷ್ಯ ಕಾಣೆ’ ಎಂಬ ಕಡತ ಹುಟ್ಟುತ್ತದೆ. ಅದರಲ್ಲಿ ಚಹರೆ ಪಟ್ಟಿ ಇರುತ್ತದೆ: ಎತ್ತರ 5 ಅಡಿ 4 ಇಂಚು, ಕೋಲು ಮುಖ, ಸಾದಗಪ್ಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮತ್ತು ತೆಲುಗು ಮಾತನಾಡುತ್ತಾನೆ. ನಮ್ಮ ತಾಲ್ಲೂಕಿನ ಅರ್ಧ ಗಂಡಸರಿಗೆ ಈ ಚಹರೆ ಒಪ್ಪುತ್ತದೆ. ಇನ್ನೆಲ್ಲೋ ದೂರದ ಠಾಣೆಯಲ್ಲಿ, ನಾಲೆಯ ಗೇಟಿಗೆ ಸಿಕ್ಕಿಕೊಂಡ ಗುರುತು ಸಿಗದ ಶವದ ಮೇಲೆ, ಅಸ್ವಾಭಾವಿಕ ಸಾವು ಎಂದು ಯುಡಿಆರ್ ಕಡತ ಹುಟ್ಟುತ್ತದೆ. ಹಿಂದೆ ಸಿಆರ್‌ಪಿಸಿಯ 174ನೇ ಕಲಮು, ಈಗ ಸುರಕ್ಷಾ ಸಂಹಿತೆಯ 194. ಶವ ಪಂಚನಾಮೆ ಆಗುತ್ತದೆ, ಮರಣೋತ್ತರ ಪರೀಕ್ಷೆ ಆಗುತ್ತದೆ, ಕೆಲವು ದಿನ ಶವಾಗಾರದಲ್ಲಿಟ್ಟು ಕಾಯುತ್ತಾರೆ, ವಾರಸುದಾರರು ಬರದಿದ್ದರೆ ಹೂಳುತ್ತಾರೆ. ಮುಂದೆ ಹೊರತೆಗೆಯಬೇಕಾದೀತೆಂದು ಸುಡದೆ ಹೂಳುವುದು ವಾಡಿಕೆ. ಈ ಎರಡೂ ಕಡತಗಳು ಒಬ್ಬನದೇ ಎಂದು ಗೊತ್ತಾಗಬೇಕಾದರೆ ಯಾರಾದರೊಬ್ಬರು ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಬೇಕು.

ನಾಲೆಯ ಊರಿನ ಕಥೆ ಬರೆಯುವವರು ನಾಲೆಯನ್ನೇ ಸರಿಯಾಗಿ ನೋಡದಿದ್ದರೆ ಹೇಗೆ? ಎಡದಂಡೆ ನಾಲೆ ಮುನಿರಾಬಾದಿನ ಹತ್ತಿರ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನ ಕಡೆಗೆ 220 ಕಿಲೋಮೀಟರಿಗೂ ಹೆಚ್ಚು ದೂರ ಹರಿಯುತ್ತದೆ. ನೀರಿನ ಲೆಕ್ಕವನ್ನು ನಮ್ಮ ರೈತರು ಇಂದಿಗೂ ಮೈಲಿನಲ್ಲೇ ಹೇಳುತ್ತಾರೆ. ಮೈಲ್ 69ರಲ್ಲಿ ಗೇಜು, ಅಂದರೆ ನೀರಿನ ಮಟ್ಟ, ಎಷ್ಟು, ಮೈಲ್ 104ರಲ್ಲಿ ಎಷ್ಟು ಎಂಬುದರ ಮೇಲೆ ಧರಣಿಗಳೇ ನಡೆದಿವೆ. ಮುಳುಗಿದ ದೇಹ ಬೇಸಿಗೆಯಲ್ಲಿ ಒಂದೆರಡು ದಿನಕ್ಕೆ, ಚಳಿಗಾಲದಲ್ಲಿ ಇನ್ನೂ ಸ್ವಲ್ಪ ತಡವಾಗಿ ಮೇಲೇಳುತ್ತದೆ, ಅಷ್ಟರಲ್ಲಿ ಹರಿವು ಅದನ್ನು ಎಲ್ಲಿಗೆ ಒಯ್ದಿರುತ್ತದೋ ಹೇಳಲಾಗದು. ಕಾರಟಗಿಯಲ್ಲಿ ಬಿದ್ದವನು ಸಿಂಧನೂರಿನ ಸರಹದ್ದಿನಲ್ಲಿ ಸಿಕ್ಕರೆ ಠಾಣೆ ಬದಲಾಯಿತು, ಜಿಲ್ಲೆ ಬದಲಾಯಿತು, ಹೈಕೋರ್ಟಿನ ಪೀಠವೂ ಬದಲಾಯಿತು: ಕೊಪ್ಪಳ ಧಾರವಾಡ ಪೀಠಕ್ಕೆ ಸೇರಿದರೆ ರಾಯಚೂರು ಕಲಬುರಗಿ ಪೀಠಕ್ಕೆ ಸೇರಿದೆ. ನದಿಗೆ ಬಿದ್ದರಂತೂ ರಾಜ್ಯವೇ ಬದಲಾದೀತು. ತುಂಗಭದ್ರೆಯ ಆಚೆ ದಡದಲ್ಲಿ ಆಂಧ್ರ, ಕೃಷ್ಣೆಯ ಕೆಳಗೆ ತೆಲಂಗಾಣ; ಅಲ್ಲಿಯ ಪಂಚನಾಮೆ ತೆಲುಗಿನಲ್ಲಿರುತ್ತದೆ.

ಹೀಗಾಗಿ ನಿಜವಾದ ಪತ್ತೇದಾರಿ ಕೆಲಸ ಪಂಚನಾಮೆಯ ಸಣ್ಣ ಸಾಲುಗಳನ್ನು ಓದುವುದು. ನಾನು ನೋಡಿದ ಒಂದು ಯುಡಿಆರ್ ಕಡತದಲ್ಲಿ ಮುಖದ ವರ್ಣನೆಗೆ ಏನೂ ಉಳಿದಿರಲಿಲ್ಲ. ಆದರೆ ಪಂಚನಾಮೆ ಬರೆದ ಹೆಡ್ ಕಾನ್‌ಸ್ಟೆಬಲ್ ಪುಣ್ಯಾತ್ಮ, ಅಂಗಿಯ ಕಾಲರನ್ನು ಹೊರಳಿಸಿ ನೋಡಿದ್ದ. ಒಳಗೆ ಟೇಲರ್ ಅಂಗಡಿಯ ಚೀಟಿ, ಕೆಂಪು ದಾರದಲ್ಲಿ ಹೊಲಿದ ನಾಲ್ಕು ಅಕ್ಷರ, ಕೆಳಗೆ ಊರಿನ ಹೆಸರಿನ ಅರ್ಧ. ಸೊಂಟದಲ್ಲಿ ಕರಿ ಉಡದಾರ, ಅದಕ್ಕೆ ಕಟ್ಟಿದ ಒಂದು ಚಿಕ್ಕ ತಾಮ್ರದ ತಾಯಿತ. ಬಲಗಾಲಿನ ಹೆಬ್ಬೆರಳಿಗೆ ಹಳೆಯ ಗಾಯ. ಟೇಲರನ ಪುಸ್ತಕದಲ್ಲಿ ಅಳತೆಯ ಜೊತೆಗೆ ಹೆಸರು ಸಿಕ್ಕಿತು. ಸಿದ್ಧ ಉಡುಪಿನ ಅಂಗಿಗಳು ಬಂದ ಮೇಲೆ ಈ ಸುಳಿವು ಕಡಿಮೆಯಾಗುತ್ತಿದೆ. ಅದರ ಜಾಗವನ್ನು ಮೊಬೈಲ್ ಸಿಮ್ ಮತ್ತು ಎಲುಬಿನ ಡಿಎನ್‌ಎ ತುಂಬಿವೆ. ಡಿಎನ್‌ಎ ಕೂಡ ತಾನಾಗಿ ಯಾರ ಹೆಸರನ್ನೂ ಹೇಳುವುದಿಲ್ಲ, ಹೋಲಿಸಲು ತಾಯಿಯದೋ ಮಕ್ಕಳದೋ ರಕ್ತ ಬೇಕು. ಆ ತಾಯಿ ಯಾರೆಂದು ತಿಳಿಯಲು ಮತ್ತೆ ಕಾಣೆ ಕಡತಕ್ಕೇ ಬರಬೇಕು. ಬೆಂಗಳೂರಿನ ಅಧಿಕಾರಿಯನ್ನು ಕೈಬಿಟ್ಟು, ವರ್ಗಾವಣೆಯಾಗಿ ನಾಲೆಯ ಕೆಳಗಿನ ಠಾಣೆಗೆ ಬಂದು ಹಳೆಯ ರಿಜಿಸ್ಟರು ಓದುವ ಆ ಹೆಡ್ ಕಾನ್‌ಸ್ಟೆಬಲ್‌ನನ್ನೇ ನಾಯಕನನ್ನಾಗಿ ಮಾಡಿ ಎಂದು ಶಿಕ್ಷಕರಿಗೆ ಹೇಳಿದೆ. ಅವರಿಗೆ ಅಷ್ಟೊಂದು ಹಿಡಿಸಿದಂತೆ ಕಾಣಲಿಲ್ಲ.

ಕಾದಂಬರಿಯಲ್ಲಿ ಕಾಣೆಯಾದ ನಾಲ್ವರಲ್ಲಿ ಒಬ್ಬಳು ಇಪ್ಪತ್ತೆರಡರ ಹುಡುಗಿ. ಅವಳ ವಿಷಯದಲ್ಲಿ ಕಾನೂನು ಒಂದು ವಿಚಿತ್ರ ತಿರುವನ್ನು ಒದಗಿಸುತ್ತದೆ, ಲೇಖಕರು ಅದನ್ನು ಬಳಸಿಲ್ಲ. ಪ್ರಾಯಕ್ಕೆ ಬಂದವಳು ಪೊಲೀಸರಿಗೆ ಸಿಕ್ಕಿ, ತಾನು ಸ್ವಇಚ್ಛೆಯಿಂದ ಬಂದಿದ್ದೇನೆ, ತವರಿಗೆ ವಿಳಾಸ ಕೊಡಬೇಡಿ ಎಂದು ಹೇಳಿಕೆ ಕೊಟ್ಟರೆ ಅವಳನ್ನು ಎಳೆದು ತರುವಂತಿಲ್ಲ. ಠಾಣೆಯಲ್ಲಿ ಪ್ರಕರಣ ಮುಗಿದಿರುತ್ತದೆ, ಊರಿನಲ್ಲಿ ಮಾತ್ರ ಅವಳು ಕಾಣೆಯಾದವಳಾಗಿಯೇ ಉಳಿಯುತ್ತಾಳೆ, ಅವಳ ಹೆಸರಿನಲ್ಲಿ ನಾಲೆಯ ದಂಡೆಗೆ ದೆವ್ವವೂ ಹುಟ್ಟಿಕೊಳ್ಳುತ್ತದೆ.

ಶವ ಸಿಗದೆ ಕೊಲೆಯ ಶಿಕ್ಷೆಯಾಗದು ಎಂದು ಕಥೆಯ ಖಳನಾಯಕ ನಂಬಿದ್ದಾನೆ. ಓದುಗರಲ್ಲೂ ಬಹಳ ಮಂದಿ ನಂಬುತ್ತಾರೆ. ಶವವಿಲ್ಲದೆಯೂ ಸಂದರ್ಭ ಸಾಕ್ಷ್ಯದ ಮೇಲೆ ಶಿಕ್ಷೆ ಸಾಧ್ಯವೆಂದು ಸುಪ್ರೀಂ ಕೋರ್ಟು 1981ರಲ್ಲೇ ಸ್ಪಷ್ಟಪಡಿಸಿದೆ. ಸಾಧ್ಯವೆಂದರೆ ಸುಲಭವೆಂದಲ್ಲ. ಕೊನೆಯದಾಗಿ ಜೊತೆಗಿದ್ದವರನ್ನು ಕಂಡ ಸಾಕ್ಷಿ, ಹಳ್ಳಿಯಲ್ಲಿ ಆರೋಪಿಯ ಹೊಲದಲ್ಲೇ ಕೂಲಿ ಮಾಡುವವನಾಗಿದ್ದರೆ, ಕಟಕಟೆಗೆ ಬಂದಾಗ ಏನನ್ನೂ ಕಂಡಿರುವುದಿಲ್ಲ. ಅಂಥ ಕಡತಗಳು ‘ಸಿ ರಿಪೋರ್ಟ್’ ಆಗಿ, ಅಂದರೆ ಪತ್ತೆಯಾಗದ ಪ್ರಕರಣವೆಂಬ ವರದಿಯಾಗಿ, ಕಪಾಟು ಸೇರುತ್ತವೆ.

ಕಾದಂಬರಿ ಪೂರ್ತಿಯಾಗಿ ಬಿಟ್ಟಿರುವ ಸಂಗತಿ ಏಳು ವರ್ಷದ್ದು, ನನ್ನ ವೃತ್ತಿಯ ಪಾಲು ಇರುವುದೂ ಅಲ್ಲೇ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಒಬ್ಬನ ಸುದ್ದಿಯೇ ಬಾರದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 108ನೇ ಕಲಮು, ಹೊಸ ಅಧಿನಿಯಮದಲ್ಲಿ 111. ಅಲ್ಲಿಯವರೆಗೆ ಹೆಂಡತಿ ವಿಧವೆಯಲ್ಲ, ಮಕ್ಕಳು ವಾರಸುದಾರರಲ್ಲ, ಪಹಣಿಯಲ್ಲಿ ಅವನದೇ ಹೆಸರು, ಸತ್ತವನ ಹೊಲ ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಆಗುವುದಿಲ್ಲ, ಸೊಸೈಟಿಯ ಸಾಲ ಮಾತ್ರ ಬೆಳೆಯುತ್ತದೆ. ಮುಸ್ಲಿಂ ಹೆಣ್ಣುಮಗಳಿಗೆ 1939ರ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ ನಾಲ್ಕು ವರ್ಷಕ್ಕೇ ದಾರಿಯಿದೆ. ಡಿಕ್ರಿಯಾದ ಮೇಲೂ ಆರು ತಿಂಗಳು ಕಾಯಬೇಕು, ಅಷ್ಟರೊಳಗೆ ಗಂಡ ಬಂದರೂ ಬಂದಾನೆಂದು.

ಇದೇ ಕಲಮಿನಲ್ಲಿ ನಾನೊಮ್ಮೆ ಎಡವಿದ್ದೇನೆ. ವೃತ್ತಿಗೆ ಹೊಸಬನಾಗಿದ್ದಾಗ, ಗುಳೆ ಹೋದ ಗಂಡ ಮರಳದ ಹೆಣ್ಣುಮಗಳೊಬ್ಬಳ ದಾವೆಯಲ್ಲಿ, ಅವನು ಮನೆ ಬಿಟ್ಟ ದಿನವೇ ಸತ್ತಿದ್ದಾನೆಂದು ಘೋಷಿಸಬೇಕೆಂದು ಕೋರಿಬಿಟ್ಟೆ. ಕಾನೂನು ಊಹಿಸುವುದು ಸಾವನ್ನು ಮಾತ್ರ, ಸಾವಿನ ದಿನವನ್ನಲ್ಲ. ಆ ದಿನವನ್ನು ಬೇರೆಯಾಗಿ ಸಾಬೀತುಪಡಿಸಬೇಕು. 2004ರಲ್ಲಿ ಜೀವ ವಿಮೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಹೇಳಿದೆ. ಹೀಗಾಗಿ ಯಜಮಾನ ಕಾಣೆಯಾದ ಮೇಲೆ ವಿಮೆಯ ಕಂತು ಕಟ್ಟುವುದನ್ನು ಬಿಟ್ಟ ಮನೆಯವರಿಗೆ, ಏಳು ವರ್ಷದ ನಂತರ ಪಾಲಿಸಿಯೇ ಸತ್ತಿರುವುದು ತಿಳಿಯುತ್ತದೆ. ನನ್ನ ಕಕ್ಷಿದಾರಳಿಗೂ ವಿಮೆಯ ಹಣ ಪೂರ್ತಿ ಬರಲಿಲ್ಲ. ಕಂತು ಕಟ್ಟುತ್ತಿರು ಎಂದು ಅವಳಿಗೆ ಹೇಳಬೇಕಾಗಿದ್ದವನು ನಾನು.

ಆ ದಾವೆಯಲ್ಲಿ ಪಾಟೀಸವಾಲು ನಡೆದ ದಿನ ಸರ್ಕಾರಿ ವಕೀಲರು ಅವಳನ್ನು ಕೇಳಿದರು: ಗಂಡ ಸತ್ತಿದ್ದಾನೆಂದು ದಾವೆ ಹಾಕಿದ್ದೀರಿ, ಹಣೆಯ ಮೇಲೆ ಕುಂಕುಮ ಇದೆಯಲ್ಲ? ಅವಳು ಒಂದು ಕ್ಷಣವೂ ತಡೆಯಲಿಲ್ಲ. “ಸತ್ತಾನಂತ ನಾ ಎಲ್ಲಿ ಹೇಳೀನ್ರೀ, ಸುದ್ದಿ ಬಂದಿಲ್ಲ ಅಂತ ಹೇಳೀನಿ” ಎಂದಳು. ಕಲಮಿನ ಮಾತೂ ಅಷ್ಟೇ. ನಾನು ಅದನ್ನು ದಾವೆಯಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಡಿಕ್ರಿ ಬಂದ ಮೇಲೆ ಪೌತಿ ಖಾತೆಯ ಅರ್ಜಿಯಲ್ಲಿ ಮರಣದ ದಿನಾಂಕ ಎಂಬ ಅಂಕಣಕ್ಕೆ ಏನು ಬರೆಯುವುದೆಂದು ಗುಮಾಸ್ತರು ಬಹಳ ಹೊತ್ತು ಯೋಚಿಸಿದರು, ಕೊನೆಗೆ ದಾವೆ ಹೂಡಿದ ದಿನಾಂಕ ಬಿತ್ತು. ಎಡೆ ಇಡುವುದಕ್ಕೂ ಇದೇ ದಿನವೇನು ಎಂದು ನಾನು ಅವಳನ್ನು ಕೇಳಿದೆ. ದಿನ ಗೊತ್ತಿಲ್ಲದವರಿಗೆ ಮಾನವಮಿ ಅಮಾಸಿ ಐತಲ್ರೀ ಎಂದಳು, ಮಹಾಲಯ ಅಮಾವಾಸ್ಯೆಯ ಮಾತದು. ಶಿಕ್ಷಕರ ಹಸ್ತಪ್ರತಿಯ ಕೊನೆಯ ಪುಟದ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದದ್ದು ಅವಳ ಆ ಮಾತನ್ನು, ಕೆಳಗೆ 111 ಎಂಬ ಅಂಕಿಯನ್ನು.