ಪಸ್ಕ ಹಬ್ಬ ಸೋಮವಾರ, ಬುಧವಾರ, ಶುಕ್ರವಾರ ಯಾಕೆ ಬರುವುದಿಲ್ಲ?

ಪ್ರಶ್ನೆ: ಯಹೂದಿಗಳ ಪಸ್ಕ ಹಬ್ಬ ಸೋಮವಾರ, ಬುಧವಾರ, ಶುಕ್ರವಾರ ಬರುವುದೇ ಇಲ್ಲ ಎಂದು ಓದಿದ್ದೇನೆ. ಆದರೆ 2026ರ ಕ್ಯಾಲೆಂಡರಿನಲ್ಲಿ ಹಬ್ಬದ ಊಟ ಏಪ್ರಿಲ್ 1, ಬುಧವಾರ ಎಂದಿದೆ. ಯಾವುದು ಸರಿ? ವಾರ ನೋಡಿ ಹಬ್ಬ ಮಾಡುವುದಾದರೆ ಹುಣ್ಣಿಮೆಯ ಲೆಕ್ಕ ಏನಾಯಿತು? ಯೇಸುವಿನ ಕಾಲದಲ್ಲೂ ಹೀಗೇ ಇತ್ತೇ?

ಉತ್ತರ: ಎರಡೂ ಸರಿ. ಯಹೂದಿಗಳ ಲೆಕ್ಕದಲ್ಲಿ ಸೂರ್ಯ ಮುಳುಗಿದೊಡನೆ ಮರುದಿನ ಶುರುವಾಗುತ್ತದೆ. ನಾವು ಬುಧವಾರ ರಾತ್ರಿ ಎನ್ನುವುದು ಅವರಿಗೆ ಆಗಲೇ ಗುರುವಾರ. ಪಸ್ಕದ ಮೊದಲ ದಿನ ನಿಸಾನ್ ತಿಂಗಳ 15. 2026ರಲ್ಲಿ ಅದು ಏಪ್ರಿಲ್ 2ರ ಗುರುವಾರ. ಐಗುಪ್ತದ ಬಿಡುಗಡೆಯ ಕಥೆ ಹೇಳುತ್ತಾ, ಹುಳಿಯಿಲ್ಲದ ರೊಟ್ಟಿ ಮುರಿದು ತಿನ್ನುವ ಸೇದರ್ ಊಟ ಆ ದಿನ ಹುಟ್ಟುವ ಹೊತ್ತಿಗೇ, ಅಂದರೆ ಹಿಂದಿನ ಸಂಜೆ ನಡೆಯುತ್ತದೆ. ಮೊದಲ ದಿನ ಭಾನುವಾರ, ಮಂಗಳವಾರ, ಗುರುವಾರ ಅಥವಾ ಶನಿವಾರ ಮಾತ್ರ ಬರಬಹುದು. ಹಾಗಾಗಿ ಮೊದಲ ಸೇದರ್ ಶನಿವಾರ, ಸೋಮವಾರ, ಬುಧವಾರ ಅಥವಾ ಶುಕ್ರವಾರದ ಸಂಜೆಗೆ ಬೀಳುತ್ತದೆ. ಗೊಂದಲಕ್ಕೆ ಕಾರಣ ಇಷ್ಟೇ.

ಯಾಕೆ ಆ ನಾಲ್ಕೇ ವಾರಗಳು? ವಸಂತದ ಈ ಹಬ್ಬದಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಕಾರಣ ಇರುವುದು ಐದೂವರೆ ತಿಂಗಳು ಮುಂದೆ, ತಿಶ್ರೀ ತಿಂಗಳಲ್ಲಿ. ಆ ತಿಂಗಳ 1ಕ್ಕೆ ಹೊಸ ವರ್ಷ, ರೋಶ್ ಹಶಾನಾ. 10ಕ್ಕೆ ಉಪವಾಸದ ಮಹಾದಿನ ಯೋಮ್ ಕಿಪ್ಪುರ್, ಕನ್ನಡ ಬೈಬಲಿನ ದೋಷಪರಿಹಾರಕ ದಿನ. ಅಂದು ಒಲೆ ಹಚ್ಚುವಂತಿಲ್ಲ, ಶವಸಂಸ್ಕಾರ ಮಾಡುವಂತಿಲ್ಲ. ಶನಿವಾರದ ಸಬ್ಬತ್ತಿಗೂ ಇದೇ ಕಟ್ಟು. ಈ ಎರಡು ದಿನ ಒಂದರ ಬೆನ್ನಿಗೆ ಒಂದು ಬಂದರೆ ಏನಾಗುತ್ತದೆ ಎಂದು ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಪಂಡಿತರು ಚರ್ಚಿಸಿದ್ದಾರೆ. ಒಬ್ಬರು ತರಕಾರಿ ಬಾಡುತ್ತದೆ ಎಂದರು, ಇನ್ನೊಬ್ಬರು ಸತ್ತವರ ದೇಹ ಎರಡು ದಿನ ಹಾಗೇ ಉಳಿಯುತ್ತದೆ ಎಂದರು. ಆಕಾಶದ ಗಣಿತವನ್ನು ಬಲ್ಲವರು ಬಿಸಿಲಿಗೆ ಬಾಡುವ ಸೊಪ್ಪನ್ನೂ ಹೆಣವಿಟ್ಟುಕೊಂಡು ಕಾಯುವ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರಲ್ಲ, ಈ ಪಂಚಾಂಗದ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಚರ್ಚೆಯಿಂದ.

ಯೋಮ್ ಕಿಪ್ಪುರ್ ಶುಕ್ರವಾರವಾಗಲಿ ಭಾನುವಾರವಾಗಲಿ ಬರಬಾರದು ಎಂದರೆ ಹೊಸ ವರ್ಷ ಬುಧವಾರ, ಶುಕ್ರವಾರ ಬರಬಾರದು. ಭಾನುವಾರಕ್ಕೂ ತಡೆಯಿದೆ. ಪರ್ಣಶಾಲೆಗಳ ಹಬ್ಬದ ಏಳನೆಯ ದಿನ, ತಿಶ್ರೀ 21ರಂದು, ನೀರವಂಜಿ ಕೊಂಬೆಗಳನ್ನು ನೆಲಕ್ಕೆ ಬಡಿಯುವ ಆಚರಣೆಯಿದೆ. ಹೊಸ ವರ್ಷ ಭಾನುವಾರವಾದರೆ ಅದು ಸಬ್ಬತ್ತಿನ ದಿನವೇ ಬಿದ್ದು ನಿಂತುಹೋಗುತ್ತದೆ.

ಇನ್ನು ಹಿಂದಕ್ಕೆ ಎಣಿಸಿ. ನಿಸಾನಿನಿಂದ ಎಲೂಲ್‌ವರೆಗಿನ ಆರು ತಿಂಗಳು 30, 29, 30, 29, 30, 29 ದಿನಗಳು. ಇವು ಎಂದೂ ಬದಲಾಗುವುದಿಲ್ಲ. ಪಸ್ಕದ ಮೊದಲ ದಿನದಿಂದ ಹೊಸ ವರ್ಷಕ್ಕೆ ಯಾವಾಗಲೂ 163 ದಿನ, ಅಂದರೆ 23 ವಾರ ಕಳೆದು ಎರಡು ದಿನ. ಪಸ್ಕ ಭಾನುವಾರವಾದರೆ ಹೊಸ ವರ್ಷ ಮಂಗಳವಾರ. 2025ರಲ್ಲಿ ಹಾಗೇ ಆಯಿತು: ಏಪ್ರಿಲ್ 13 ಭಾನುವಾರ ಪಸ್ಕ, ಸೆಪ್ಟೆಂಬರ್ 23 ಮಂಗಳವಾರ ರೋಶ್ ಹಶಾನಾ. ಹೊಸ ವರ್ಷಕ್ಕೆ ಭಾನುವಾರ, ಬುಧವಾರ, ಶುಕ್ರವಾರ ನಿಷಿದ್ಧ. ಎರಡೆರಡು ದಿನ ಹಿಂದೆ ಸರಿದರೆ ಪಸ್ಕಕ್ಕೆ ಶುಕ್ರವಾರ, ಸೋಮವಾರ, ಬುಧವಾರ ನಿಷಿದ್ಧ. ಇದನ್ನು ನೆನಪಿಡಲು ಹೀಬ್ರೂವಿನಲ್ಲಿ 'ಲೋ ಬದು ಪೆಸಹ್' ಎಂಬ ಸೂತ್ರವಿದೆ. ನಮ್ಮ ಕಟಪಯಾದಿಯಂತೆ ಅಲ್ಲೂ ಅಕ್ಷರಕ್ಕೆ ಅಂಕಿ: ಬೇತ್ 2, ದಾಲೆತ್ 4, ವಾವ್ 6. ವಾರದ ಎರಡು, ನಾಲ್ಕು, ಆರನೆಯ ದಿನ ಪಸ್ಕ ಇಲ್ಲ.

ಉಳಿದ ನಾಲ್ಕು ವಾರಗಳಿಗೂ ಸಮಪಾಲು ಇಲ್ಲ. ದೀರ್ಘಕಾಲದ ಲೆಕ್ಕದಲ್ಲಿ ನೂರಕ್ಕೆ ಸುಮಾರು 32 ವರ್ಷ ಮಂಗಳವಾರ, ಭಾನುವಾರ ಮಾತ್ರ ಹನ್ನೊಂದು ಹನ್ನೆರಡು ವರ್ಷ. ಆ ಭಾನುವಾರದ ವರ್ಷ ಮನೆ ನಡೆಸುವವರಿಗೆ ಕಷ್ಟದ್ದು. ಹಬ್ಬದ ಹಿಂದಿನ ದಿನ ಮನೆಯಲ್ಲಿರುವ ಹುಳಿ ಬಂದ ಪದಾರ್ಥವನ್ನೆಲ್ಲ ಹುಡುಕಿ ಸುಡಬೇಕು. ಆದರೆ ಆ ದಿನವೇ ಸಬ್ಬತ್, ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಗುರುವಾರ ರಾತ್ರಿಯೇ ಹುಡುಕಿ, ಶುಕ್ರವಾರ ಬೆಳಿಗ್ಗೆ ಸುಟ್ಟು, ಸಬ್ಬತ್ತಿನ ಊಟಕ್ಕೆ ಬೇಕಾದಷ್ಟು ರೊಟ್ಟಿ ಮಾತ್ರ ಎಚ್ಚರದಿಂದ ಇಟ್ಟುಕೊಳ್ಳುತ್ತಾರೆ. 2021 ಮತ್ತು 2025ರಲ್ಲಿ ಹೀಗಾಗಿತ್ತು. ಮುಂದಿನದು 2045ಕ್ಕೆ.

ಈಗ ಹುಣ್ಣಿಮೆಯ ಮಾತು. ಅವರ ತಿಂಗಳೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೇ ನಡೆಯುತ್ತದೆ, ಆದ್ದರಿಂದ 15ನೆಯ ದಿನ ಹುಣ್ಣಿಮೆಯ ಆಸುಪಾಸಿನಲ್ಲೇ ಇರುತ್ತದೆ. ಮನೆಯ ಪಂಚಾಂಗ ತೆಗೆದು ನೋಡಬಹುದು: 2024, 2025, 2026ರ ಪಸ್ಕ ನಮ್ಮ ದವನದ ಹುಣ್ಣಿಮೆಯ ದಿನವೋ ಅದರ ಮರುದಿನವೋ ಬಂದಿದೆ. 2021ರಲ್ಲಿ ಮಾತ್ರ ಒಂದು ತಿಂಗಳು ಮೊದಲು, ಹೋಳಿ ಹುಣ್ಣಿಮೆಗೆ ಬಂತು. ನಮಗೆ ಹಿಂದಿನ ವರ್ಷ ಅಧಿಕ ಆಶ್ವಯುಜ ಬಂದಿತ್ತು, ಅವರಿಗೆ ಆಗ ಅಧಿಕ ಮಾಸದ ಸರದಿ ಬಂದಿರಲಿಲ್ಲ. ನಮ್ಮಲ್ಲಿ ಸೂರ್ಯ ಸಂಕ್ರಮಣವಿಲ್ಲದ ತಿಂಗಳು ಯಾವುದೋ ಅದೇ ಅಧಿಕ. ಅವರಲ್ಲಿ ಅದು ಯಾವಾಗಲೂ ಅದಾರ್, 19 ವರ್ಷಕ್ಕೆ ಏಳು ಸಲ. ಅದಾರಿನ 14ಕ್ಕೆ ಬರುವ ಪುರಿಮ್ ಹಬ್ಬವನ್ನು ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ಮರಾಠಿಯಲ್ಲಿ ಹೋಳಿ ಹಬ್ಬವೆಂದೇ ಕರೆಯುತ್ತಿದ್ದರು. 2025ರ ಮಾರ್ಚ್ 14ರಂದು ಎರಡೂ ಒಂದೇ ದಿನ ಬಂದವು.

ವಾರವನ್ನು ಸರಿಪಡಿಸಲು ಅವರು ಹೊಸ ವರ್ಷವನ್ನು ಒಂದೆರಡು ದಿನ ಮುಂದೂಡುತ್ತಾರೆ. ಆ ವ್ಯತ್ಯಾಸವನ್ನು ಹೆಶ್ವಾನ್, ಕಿಸ್ಲೇವ್ ಎಂಬ ಎರಡು ತಿಂಗಳಿಗೆ ತಲಾ ಒಂದು ದಿನ ಕೂಡಿಸಿ ಅಥವಾ ಕಳೆದು ಸರಿದೂಗಿಸುತ್ತಾರೆ. ಇನ್ನೊಂದು ನಿಯಮವೂ ಇದೆ: ತಿಶ್ರೀಯ ಅಮಾವಾಸ್ಯೆಯ ಗಳಿಗೆ ನಡುಮಧ್ಯಾಹ್ನ ಅಥವಾ ಅದರ ನಂತರ ಬಿದ್ದರೆ ಹೊಸ ವರ್ಷ ಮರುದಿನಕ್ಕೆ. ಈ ಗಳಿಗೆಯನ್ನು ಅವರು ದೂರದರ್ಶಕದಲ್ಲಿ ನೋಡುವುದಿಲ್ಲ. ತಿಂಗಳಿಗೆ 29 ದಿನ, 12 ಗಂಟೆ, 793 ಭಾಗ ಎಂದು ಕೂಡಿಸುತ್ತಾ ಹೋಗುತ್ತಾರೆ. ಒಂದು ಗಂಟೆಗೆ 1080 ಭಾಗ.

ಆ ಭಾಗಗಳಿಗಾಗಿ ಒಮ್ಮೆ ಇಡೀ ಸಮುದಾಯ ಎರಡಾಯಿತು. 923ರ ತಿಶ್ರೀಯ ಅಮಾವಾಸ್ಯೆ ಲೆಕ್ಕದ ಪ್ರಕಾರ ಶನಿವಾರ ಮಧ್ಯಾಹ್ನ ಕಳೆದು 237 ಭಾಗಕ್ಕೆ, ಅಂದರೆ ಸುಮಾರು 13 ನಿಮಿಷಕ್ಕೆ ಬರುವುದಿತ್ತು. ಪ್ಯಾಲೆಸ್ಟೈನಿನ ಗುರು ಬೆನ್ ಮೇಯಿರ್, ಮಧ್ಯಾಹ್ನದ ನಂತರ 642 ಭಾಗದವರೆಗೂ ರಿಯಾಯಿತಿ ಇದೆ, ಹೊಸ ವರ್ಷ ಶನಿವಾರವೇ ಎಂದರು. ಬಾಬಿಲೋನಿನ ಯಹೂದಿ ಗುರುಗಳೂ ಆ ಗುರುಗಳ ಪರ ನಿಂತ ಪಂಡಿತ ಸಾದಿಯಾ ಅವರೂ ಒಪ್ಪಲಿಲ್ಲ. ಮಧ್ಯಾಹ್ನ ದಾಟಿದ್ದರಿಂದ ಶನಿವಾರ ಹೋಯಿತು, ಭಾನುವಾರ ನಿಷಿದ್ಧ, ಆದ್ದರಿಂದ ಸೋಮವಾರ ಎಂದರು. ವರ್ಷದ ಉದ್ದ ಮಿತಿ ಮೀರಬಾರದೆಂದು ಈ ಎರಡು ದಿನದ ಅಂತರ ಹಿಂದಿನ ವರ್ಷಕ್ಕೂ ಇಳಿಯಿತು. 922ರ ವಸಂತದಲ್ಲಿ ಒಂದು ಕಡೆಯವರು ಭಾನುವಾರ ಪಸ್ಕ ಮಾಡಿದರು, ಇನ್ನೊಂದು ಕಡೆಯವರು ಮಂಗಳವಾರ. ಒಬ್ಬರು ಹುಳಿ ರೊಟ್ಟಿ ತಿನ್ನುತ್ತಿದ್ದ ದಿನ ಇನ್ನೊಬ್ಬರಿಗೆ ಅದು ಮಹಾಪಾಪ. ಮುಂದಿನ ವರ್ಷದ 13 ನಿಮಿಷ ಈ ವರ್ಷದ ಹಬ್ಬದ ವಾರವನ್ನು ನಿರ್ಧರಿಸಿತು. ಕೊನೆಗೆ ಗೆದ್ದದ್ದು ಬಾಬಿಲೋನಿನ ಲೆಕ್ಕ, ಇಂದಿಗೂ ನಡೆಯುತ್ತಿರುವುದು ಅದೇ.

ಕೊನೆಯ ಪ್ರಶ್ನೆ ನಮ್ಮ ಕ್ರೈಸ್ತ ಓದುಗರು ಮತ್ತೆ ಮತ್ತೆ ಕೇಳುವಂಥದ್ದು. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಯೇಸುವಿನ ಕಡೆಯ ಭೋಜನ ಪಸ್ಕದ ಊಟ. ಹಾಗಾದರೆ ಶಿಲುಬೆಯ ಶುಕ್ರವಾರ ನಿಸಾನ್ 15. ಯೋಹಾನನ ಪ್ರಕಾರ ಆ ಶುಕ್ರವಾರ ಬೆಳಿಗ್ಗೆ ಪಸ್ಕದ ಊಟ ಇನ್ನೂ ಆಗಿರಲಿಲ್ಲ, ಅಂದರೆ 15 ಬಿದ್ದದ್ದು ಶನಿವಾರ. ಪಸ್ಕ ಶುಕ್ರವಾರ ಬರುವಂತೆಯೇ ಇಲ್ಲವಲ್ಲ, ಆದ್ದರಿಂದ ಯೋಹಾನನೇ ಸರಿ ಎಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಯೋಹಾನ ಸರಿಯಿರಬಹುದು, ಆದರೆ ಈ ಕಾರಣ ನಿಲ್ಲುವುದಿಲ್ಲ. ಆಗ ತಿಂಗಳು ಶುರುವಾಗುತ್ತಿದ್ದದ್ದು ಎಳೆಯ ಚಂದ್ರನನ್ನು ಕಣ್ಣಾರೆ ಕಂಡವರು ಬಂದು ಸಾಕ್ಷಿ ಹೇಳಿದ ಮೇಲೆ. ಲೆಕ್ಕದ ಪಂಚಾಂಗವನ್ನು ಸಂಪ್ರದಾಯವೇ ನಾಲ್ಕನೆಯ ಶತಮಾನದ ಯಹೂದಿ ಮುಖಂಡ ಎರಡನೆಯ ಹಿಲ್ಲೇಲನಿಗೆ ಸಲ್ಲಿಸುತ್ತದೆ, ಅದು ಪೂರ್ತಿ ಗಟ್ಟಿಯಾದದ್ದು ಇನ್ನೂ ಶತಮಾನಗಳ ಮೇಲೆ. ಸುಮಾರು 200ರ ಹೊತ್ತಿಗೆ ಸಂಕಲಿಸಿದ ಯಹೂದಿ ಧರ್ಮನಿಯಮಗಳ ಗ್ರಂಥ ಮಿಷ್ನಾದಲ್ಲಿ ಪಸ್ಕದ ಕುರಿಯ ಉಳಿದ ಎಲುಬು, ನರಗಳನ್ನು ನಿಸಾನ್ 16ರಂದು ಸುಡಬೇಕೆಂದು ಹೇಳಿದೆ. ಅದರ ಮುಂದೆಯೇ, 16 ಸಬ್ಬತ್ತಿನ ದಿನ ಬಂದರೆ 17ಕ್ಕೆ ಸುಡಿ ಎಂದೂ ಇದೆ. ಹದಿನಾರು ಶನಿವಾರವಾದರೆ ಹದಿನೈದು ಶುಕ್ರವಾರ.